ಡ್ರೈವರ್‌ಗೆ ಬಾಲ್ ಮುಂದಿಟ್ಟಷ್ಟೂ ಸ್ಲೈಸ್ ಜಾಸ್ತಿ: ಬಾಲ್ ನಿಜಕ್ಕೂ ಎಲ್ಲಿರಬೇಕು?

ವಾರಾಂತ್ಯದ ಗಾಲ್ಫರ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಗಾಲ್ಫ್ ಆಡುತ್ತೇನೆ. ಹ್ಯಾಂಡಿಕ್ಯಾಪ್ 22 (ಅಂದರೆ ಸಾಧಾರಣ ಆಟಗಾರ), ಬಲಗೈ ಆಟ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದನೆ ಕ್ಲಬ್) ಹಿಡಿದು ಹೊಡೆದರೆ ಬಾಲ್ ಯಾವಾಗಲೂ ಸ್ವಲ್ಪ ಬಲಕ್ಕೆ ಬಾಗುತ್ತಿತ್ತು, ಅದೇ ಸ್ಲೈಸ್. ಕ್ಲಬ್ ಮೇಲೇರುತ್ತಾ ಬಾಲ್‌ಗೆ ತಗುಲಬೇಕು, ಅದಕ್ಕೆ ಬಾಲ್ ಮುಂದೆ ಇಡು ಅಂತ ಎಲ್ಲರೂ ಹೇಳುತ್ತಾರೆ. ಇಟ್ಟೆ. ಮೊದಲು ಎಡ ಹಿಮ್ಮಡಿಯ ನೇರಕ್ಕೆ, ಆಮೇಲೆ ಹೆಬ್ಬೆರಳಿನ ನೇರಕ್ಕೆ. ಬಾಲ್ ಎತ್ತರಕ್ಕೆ ಹೋಗುತ್ತದೆ ನಿಜ. ಆದರೆ ಮೊದಲು ಪಕ್ಕದ ರಫ್‌ಗೆ (ಉದ್ದ ಹುಲ್ಲಿಗೆ) ಹೋಗುತ್ತಿದ್ದದ್ದು ಈಗ ಪಕ್ಕದ ಹೋಲ್‌ನ ಫೇರ್‌ವೇಗೇ (ಕತ್ತರಿಸಿದ ಹುಲ್ಲಿನ ದಾರಿಗೇ) ಹೋಗುತ್ತಿದೆ.

7 ಐರನ್‌ದು (ಮಧ್ಯಮ ದೂರದ ಕ್ಲಬ್) ಇನ್ನೊಂದು ಕಥೆ. ಕೋಚ್ ಮಧ್ಯದಲ್ಲಿಡಿ ಅನ್ನುತ್ತಾರೆ. ಕ್ಯಾಡಿ 'ಸರ್, ಒಂದು ಬಾಲ್ ಮುಂದಕ್ಕೆ' ಅನ್ನುತ್ತಾರೆ. ಯೂಟ್ಯೂಬ್‌ನಲ್ಲಿ ಒಬ್ಬರು ಎಲ್ಲ ಕ್ಲಬ್‌ಗೂ ಒಂದೇ ಜಾಗ ಅಂತಾರೆ, ಇನ್ನೊಬ್ಬರು ಪ್ರತಿ ಕ್ಲಬ್‌ಗೂ ಬೇರೆ ಅಂತಾರೆ. ಯಾರನ್ನು ನಂಬುವುದು?

(ಮುಂದೆ ಅಂದರೆ ಗುರಿಯ ಕಡೆ, ಎಡಗಾಲಿನ ಕಡೆ. ಇಲ್ಲಿ ಎಲ್ಲರೂ ಹಾಗೇ ಬರೆದರೆ ಗೊಂದಲ ಇರಲ್ಲ.)

ಬೆಳಗಿನ ಟೀ

ಮೊದಲು ಒಂದು ಪ್ರಶ್ನೆ. ಬಾಲ್ ಹೆಬ್ಬೆರಳಿನ ನೇರಕ್ಕೆ ಇಟ್ಟಾಗ ನಿಮ್ಮ ಭುಜ ಎಲ್ಲಿಗೆ ನೋಡುತ್ತಿದೆ? ಕಾಲಲ್ಲ, ಭುಜ. ಯಾರಿಗಾದರೂ ಹಿಂದಿನಿಂದ ಫೋಟೋ ತೆಗೆಯಲು ಹೇಳಿ. ಫೇರ್‌ವೇಯ ಎಡ ಅಂಚಿಗಿಂತ ಆಚೆ ನೋಡುತ್ತಿರುತ್ತದೆ ಅಂತ ನನ್ನ ಊಹೆ. ಬಾಲ್ ದೂರ ಹೋದಷ್ಟೂ ಬಲಗೈ ಅದನ್ನು ಹುಡುಕಿಕೊಂಡು ಹೋಗುತ್ತದೆ. ಬಲಗೈ ಹೋದರೆ ಬಲಭುಜವೂ ಹಿಂದೆಯೇ ಹೋಗಲೇಬೇಕಲ್ವಾ? ಭುಜ ತೆರೆದುಕೊಂಡಿತು ಅಂದರೆ ಸ್ವಿಂಗ್ ಎಡಕ್ಕೆ ಎಳೆಯುತ್ತದೆ, ಬಾಲ್ ಬಲಕ್ಕೆ ಬಾಗುತ್ತದೆ.

ಇಂಜಿನಿಯರ್ ಬುದ್ಧಿ

ಬೆಳಗಿನ ಟೀ ಅವರು ಹೇಳಿದ್ದು ಅರ್ಧ ಕಾರಣ. ಇನ್ನರ್ಧ ಭುಜ ಸರಿ ಇದ್ದರೂ ಬರುತ್ತದೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಕ್ಲಬ್‌ನ ತಲೆ ಒಂದು ದೊಡ್ಡ ಬಳೆಯ ಮೇಲೆ ಓಡುತ್ತದೆ ಅಂದುಕೊಳ್ಳಿ. ಆ ಬಳೆ ನೆಟ್ಟಗೆ ನಿಂತಿಲ್ಲ, ನಿಮ್ಮ ಕಡೆಗೆ ವಾಲಿದೆ. ಹಾಗಾಗಿ ಕೆಳಗಿಳಿಯುವಾಗ ಕ್ಲಬ್ ಬರೀ ಕೆಳಗೆ ಬರುವುದಿಲ್ಲ, ಜೊತೆಗೆ ನಿಮ್ಮಿಂದ ದೂರಕ್ಕೆ, ಅಂದರೆ ಗುರಿಯ ಬಲಕ್ಕೂ ಹೋಗುತ್ತಿರುತ್ತದೆ. ಅತಿ ತಗ್ಗಿನ ಬಿಂದು ದಾಟಿ ಮೇಲೇರುವಾಗ ನಿಮ್ಮ ಕಡೆಗೆ, ಅಂದರೆ ಎಡಕ್ಕೆ ಬರುತ್ತದೆ. ಒಂದೇ ಸ್ವಿಂಗ್. ಬಾಲ್ ಹಿಂದಿದ್ದರೆ ಬಲಮುಖವಾಗಿ ತಗುಲುತ್ತದೆ, ಮುಂದಿದ್ದರೆ ಎಡಮುಖವಾಗಿ ತಗುಲುತ್ತದೆ.

ಎಷ್ಟು ಅಂತ ಕೇಳಿದರೆ, ಡ್ರೈವರ್‌ನ ಬಳೆ ನೆಲದಿಂದ ಸುಮಾರು 45 ಡಿಗ್ರಿ ವಾಲಿರುತ್ತದೆ. ಅಲ್ಲಿ 3 ಡಿಗ್ರಿ ಮೇಲ್ಮುಖವಾಗಿ ಹೊಡೆದರೆ ಪಾತ್ (ಕ್ಲಬ್ ತಲೆ ಸಾಗುವ ದಿಕ್ಕು) ಸುಮಾರು 3 ಡಿಗ್ರಿ ಎಡಕ್ಕೆ ತಿರುಗುತ್ತದೆ. 7 ಐರನ್‌ನ ಬಳೆ ಇನ್ನೂ ಕಡಿದು, 60 ಡಿಗ್ರಿ ಆಸುಪಾಸು. ಅಲ್ಲಿ 4 ಡಿಗ್ರಿ ಕೆಳಮುಖವಾಗಿ ಹೊಡೆದರೆ ಪಾತ್ ಸುಮಾರು 2 ಡಿಗ್ರಿ ಬಲಕ್ಕೆ.

ಈಗ ನಿಮ್ಮ ಡ್ರೈವರ್ ನೋಡಿ. ಮೊದಲೇ ಎಡಕ್ಕೆ ಎಳೆಯುವ ಸ್ವಿಂಗ್. ಬಾಲ್ ಮುಂದೆ ಸರಿಸಿ ಅದಕ್ಕೆ ಇನ್ನೂ ಎರಡು ಮೂರು ಡಿಗ್ರಿ ಎಡ ಸೇರಿಸಿದಿರಿ. ಭುಜ ತೆರೆದು ಮತ್ತಷ್ಟು ಸೇರಿಸಿದಿರಿ. ಕ್ಲಬ್‌ಫೇಸ್ (ಬಾಲ್‌ಗೆ ತಗುಲುವ ಮುಖ) ಮಾತ್ರ ಇದ್ದಲ್ಲೇ ಇದೆ. ಪಾತ್‌ಗೂ ಫೇಸ್‌ಗೂ ಅಂತರ ಹೆಚ್ಚಾದರೆ ಬಾಲ್ ಬಾಗುವುದೂ ಹೆಚ್ಚು. ಮುಂದಿಟ್ಟಷ್ಟೂ ಸ್ಲೈಸ್ ಜಾಸ್ತಿ ಆಗಿದ್ದರಲ್ಲಿ ಆಶ್ಚರ್ಯ ಏನೂ ಇಲ್ಲ.

ಹಾಗಂತ ಡ್ರೈವರ್‌ಗೆ ಬಾಲ್ ಮುಂದಿಡಬಾರದು ಅಂತಲ್ಲ. ಮುಂದಿಟ್ಟರೆ ಭುಜ ಮುಚ್ಚಿರಬೇಕು, ಸ್ವಿಂಗ್‌ನ ದಿಕ್ಕು ಸ್ವಲ್ಪ ಬಲಕ್ಕೆ ಇರಬೇಕು. ಮೂರೂ ಒಟ್ಟಿಗೆ ಬರಬೇಕು. ಒಂದನ್ನು ಮಾತ್ರ ತೆಗೆದುಕೊಂಡರೆ ನಿಮಗಾದ ಹಾಗೇ ಆಗುತ್ತದೆ.

ಹಳೇ ಮ್ಯಾಟ್

ಡಿಗ್ರಿ ಲೆಕ್ಕ ಎಲ್ಲ ಚೆನ್ನಾಗಿದೆ. ಆದರೆ 22 ಹ್ಯಾಂಡಿಕ್ಯಾಪ್‌ನವರಿಗೆ ಸುಮ್ನೆ ತಲೆ ಕೆಡಿಸಬೇಡಿ. ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್) ಮಧ್ಯ, 7 ಐರನ್ ಮಧ್ಯಕ್ಕಿಂತ ಒಂದು ಬಾಲ್ ಮುಂದೆ, 5 ಐರನ್ ಎರಡು ಬಾಲ್, ಡ್ರೈವರ್ ಎಡ ಹಿಮ್ಮಡಿ. ಮುಗಿಯಿತು. ಇಷ್ಟು ವರ್ಷ ಎಲ್ಲರೂ ಹೀಗೇ ಕಲಿತಿದ್ದಾರೆ.

ಚಾಮುಂಡಿ ತಪ್ಪಲು

ಎಲ್ಲರೂ ಅಲ್ಲ ಸರ್. ಅಮೆರಿಕದ ದಿಗ್ಗಜ ಬೆನ್ ಹೋಗನ್ 1957ರಲ್ಲಿ ಬರೆದ ಪಾಠಗಳಲ್ಲಿ ಎಡಗಾಲಿಗೂ ಬಾಲ್‌ಗೂ ಇರುವ ಅಂತರ ಬದಲಾಗುವುದೇ ಇಲ್ಲ. ಕ್ಲಬ್ ಉದ್ದ ಆದಂತೆ ಬಲಗಾಲು ದೂರ ಹೋಗುತ್ತದೆ, ಅಷ್ಟೇ. ಜ್ಯಾಕ್ ನಿಕ್ಲಾಸ್ ಅವರೂ ಬಾಲ್ ಎಡ ಹಿಮ್ಮಡಿಯ ನೇರಕ್ಕೇ ಅಂತ ಹೇಳಿದವರು. 18 ಮೇಜರ್ (ಅತಿ ದೊಡ್ಡ ಟೂರ್ನಿ) ಗೆದ್ದವರ ಮಾತು, ಸುಮ್ಮನೆ ತಳ್ಳಿಹಾಕಲು ಆಗಲ್ಲ.

ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಈ ಜಗಳವೂ ಅಷ್ಟೇ ಹಳೆಯದಿರಬೇಕು.

ಹಳೇ ಮ್ಯಾಟ್

ಹೋಗನ್‌ಗೆ ಸರಿ. ಅವರ ಸೊಂಟ ಎಡಕ್ಕೆ ಸರಿಯುತ್ತಿದ್ದ ರೀತಿ ನಮ್ಮ ಸೊಂಟಕ್ಕೆ ಬರುತ್ತದಾ? ಐವತ್ತು ದಾಟಿದವರು ವೆಡ್ಜನ್ನು ಎಡ ಹಿಮ್ಮಡಿಗೆ ಇಟ್ಟು ಹೊಡೆಯಲಿ ನೋಡೋಣ. ಬಾಲ್‌ಗಿಂತ ಮುಂಚೆ ಅರ್ಧ ಎಕರೆ ಅಗೆದಿರುತ್ತಾರೆ.

ಇಂಜಿನಿಯರ್ ಬುದ್ಧಿ

ಇಬ್ಬರೂ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದೀರಿ, ಅಳತೆಪಟ್ಟಿ ಹಿಡಿದ ತುದಿ ಮಾತ್ರ ಬೇರೆ. ನನ್ನ ಸ್ಟಾನ್ಸ್‌ನ (ನಿಲ್ಲುವ ಭಂಗಿಯ) ಅಳತೆ ಕೊಡುತ್ತೇನೆ.

ವೆಡ್ಜ್‌ಗೆ ಎರಡು ಹಿಮ್ಮಡಿಗಳ ನಡುವೆ 8 ಇಂಚು. ಬಾಲ್ ಎಡ ಹಿಮ್ಮಡಿಯಿಂದ ಮೂರೂವರೆ ಇಂಚು ಒಳಗೆ. ಅಂದರೆ ಮಧ್ಯಕ್ಕಿಂತ ಬರೀ ಅರ್ಧ ಇಂಚು ಮುಂದೆ.

7 ಐರನ್‌ಗೆ ನಡುವೆ 13 ಇಂಚು. ಬಾಲ್ ಅದೇ ಮೂರೂವರೆ ಇಂಚು ಒಳಗೆ. ಈಗ ಅದು ಮಧ್ಯಕ್ಕಿಂತ 3 ಇಂಚು ಮುಂದೆ ಕಾಣುತ್ತದೆ.

ಡ್ರೈವರ್‌ಗೆ ನಡುವೆ 20 ಇಂಚು. ಬಾಲ್ ಒಂದೂವರೆ ಇಂಚು ಒಳಗೆ. ಮಧ್ಯದಿಂದ ಎಂಟೂವರೆ ಇಂಚು!

ಮಧ್ಯದಿಂದ ಅಳೆದರೆ ವೆಡ್ಜ್‌ನಿಂದ ಡ್ರೈವರ್‌ಗೆ ಬಾಲ್ 8 ಇಂಚು ಓಡಾಡಿದೆ. ಎಡ ಹಿಮ್ಮಡಿಯಿಂದ ಅಳೆದರೆ ಬರೀ 2 ಇಂಚು. ಓಡಾಡಿದ್ದು ಬಾಲ್ ಅಲ್ಲ, ಬಲಗಾಲು. ಇದು ಗೊತ್ತಿಲ್ಲದೆ ಸ್ಟಾನ್ಸ್ ಅಗಲವನ್ನು ಹಾಗೇ ಇಟ್ಟುಕೊಂಡು ಬಾಲನ್ನೇ 8 ಇಂಚು ಓಡಾಡಿಸುವವರೂ ಇದ್ದಾರೆ. ವೆಡ್ಜ್‌ಗೆ ಬಾಲ್ ವಿಪರೀತ ಹಿಂದೆ ಹೋಗಿಬಿಡುತ್ತದೆ, ನೆಲ ಅಗೆಯುತ್ತದೆ.

ಒಂದು ಬಾಲ್ ಅಂದರೆ 1.68 ಇಂಚು, ನಿಯಮದ ಪ್ರಕಾರ ಅದಕ್ಕಿಂತ ಚಿಕ್ಕದಿರುವ ಹಾಗಿಲ್ಲ. 'ಒಂದು ಬಾಲ್ ಮುಂದಕ್ಕೆ' ಅಂತ ಕ್ಯಾಡಿ ಹೇಳಿದಾಗ ಅದು ಸಣ್ಣ ಬದಲಾವಣೆ ಏನಲ್ಲ.

ಎಡಗೈ ಅಣ್ಣ

ನಾನು ಎಡಗೈ ಆಟಗಾರ. ಇಲ್ಲಿಯವರೆಗಿನ ಎಲ್ಲವನ್ನೂ ತಿರುಗಿಸಿ ತಿರುಗಿಸಿ ಓದಿ ಕುತ್ತಿಗೆ ನೋವು ಬಂತು. ಮುಂದುವರಿಸಿ.

ವಾರಾಂತ್ಯದ ಗಾಲ್ಫರ್

ಇಂಜಿನಿಯರ್ ಸರ್, ಈ ಲೆಕ್ಕ ಈಗ ತಲೆಗೆ ಹೋಯಿತು. ಆದರೆ ಮೇಲಿಂದ ನೋಡಿದಾಗ ನನಗೆ ಬಾಲ್ ಯಾವಾಗಲೂ ಹಿಂದೆ ಇದ್ದ ಹಾಗೇ ಕಾಣುತ್ತದೆ. ಜೊತೆಯವರು ಮುಂದಿದೆ ಅಂತಾರೆ. ನನ್ನ ಕಣ್ಣು ಸರಿ ಇಲ್ಲವಾ?

ಬೆಳಗಿನ ಟೀ

ಕಣ್ಣು ಸರಿ ಇದೆ. ಪಾದ ಮೋಸ ಮಾಡುತ್ತದೆ. ಎಡಪಾದವನ್ನು ಗುರಿಯ ಕಡೆಗೆ ಹೊರಳಿಸಿ ನಿಲ್ಲುತ್ತೀರಿ, ಅಲ್ವಾ? ಅದು ಒಳ್ಳೆಯದೇ, ಸೊಂಟ ತಿರುಗಲು ಸುಲಭ. ಆದರೆ ಲೆಕ್ಕ ಹಾಕಿ: ಶೂ ಉದ್ದ 11 ಇಂಚು, ಪಾದ 30 ಡಿಗ್ರಿ ಹೊರಳಿದೆ. ಹಿಮ್ಮಡಿ ಇದ್ದಲ್ಲೇ ಇರುತ್ತದೆ, ಬೆರಳ ತುದಿ ಐದು ಇಂಚಿಗೂ ಜಾಸ್ತಿ ಗುರಿಯ ಕಡೆ ಹೋಗಿರುತ್ತದೆ. ಮೇಲಿಂದ ನೋಡುವಾಗ ನಮಗೆ ಕಾಣುವುದು ಶೂನ ಮೂತಿ, ಹಿಮ್ಮಡಿ ಅಲ್ಲ. ಅದಕ್ಕೆ ಬಾಲ್ ಹಿಂದಿದೆ ಅನ್ನಿಸುತ್ತದೆ, ನಾವು ಮುಂದಕ್ಕೆ ತಳ್ಳುತ್ತೇವೆ. ನೀವು ಹೆಬ್ಬೆರಳಿನ ನೇರಕ್ಕೆ ಇಟ್ಟೆ ಅಂದಿರಲ್ಲ, ಪಾದ ಹೊರಳಿದ್ದರೆ ಅದು ಹಿಮ್ಮಡಿಯಿಂದ ಎಷ್ಟೋ ಆಚೆ. ಪೂರ್ತಿ ಸ್ಟಾನ್ಸ್‌ನ ಹೊರಗೆ!

ನಾನು ಮಾಡುವುದು ಹೀಗೆ. ಎರಡೂ ಪಾದ ಜೋಡಿಸಿ, ನೇರ ಇಟ್ಟು, ಬಾಲ್ ಎರಡರ ಮಧ್ಯದ ನೇರಕ್ಕೆ ಬರುವಂತೆ ನಿಲ್ಲುತ್ತೇನೆ. ಐರನ್‌ಗೆ ಎಡಗಾಲು ಚಿಕ್ಕ ಹೆಜ್ಜೆ, ಬಲಗಾಲು ಬೇಕಾದಷ್ಟು. ಡ್ರೈವರ್‌ಗೆ ಎಡಗಾಲು ಕದಲಿತೋ ಇಲ್ಲವೋ ಅನ್ನುವಷ್ಟು, ಬಲಗಾಲು ದೊಡ್ಡ ಹೆಜ್ಜೆ. ಎಡಪಾದ ಹೊರಳಿಸುವುದು ಕೊನೆಯಲ್ಲಿ, ಹಿಮ್ಮಡಿ ಕದಲಿಸದೆ. ಕ್ರಮ ಮುಖ್ಯ. ಮೊದಲೇ ಹೊರಳಿಸಿದರೆ ಮತ್ತೆ ಅದೇ ಮೋಸ.

ಇನ್ನೂ ಒಂದು ಮಾತು. ಹಿಮ್ಮಡಿ ಕೂಡ ಗುರುತಿಗೆ ಅಷ್ಟೇ. ಸ್ವಿಂಗ್‌ನ ತಗ್ಗಿನ ಬಿಂದುವನ್ನು ಹೆಚ್ಚಾಗಿ ನಿರ್ಧರಿಸುವುದು ಎಡಭುಜ ಮತ್ತು ಎದೆ. ಕಾಲು ಎಷ್ಟೇ ಸರಿ ಇಟ್ಟರೂ ಎದೆ ಬಲಕ್ಕೆ ವಾಲಿದ್ದರೆ ತಗ್ಗಿನ ಬಿಂದುವೂ ಬಲಕ್ಕೆ ಹೋಗುತ್ತದೆ. ಟೀ ಶರ್ಟ್‌ನ ಎಡಗಡೆ ಲೋಗೋ ಇರುತ್ತದಲ್ಲ, 7 ಐರನ್‌ಗೆ ಬಾಲ್ ಆ ಲೋಗೋಗಿಂತ ಸ್ವಲ್ಪ ಒಳಗೆ, ಡ್ರೈವರ್‌ಗೆ ಎಡ ಕಂಕುಳಿನ ನೇರಕ್ಕೆ. ನನಗೆ ಕಾಲಿಗಿಂತ ಇದೇ ಜಾಸ್ತಿ ನಂಬಿಕೆ. ಕೋರ್ಸ್‌ನಲ್ಲಿ ಕಾಲಿನ ಕೆಳಗಿನ ನೆಲ ಬದಲಾಗುತ್ತಲೇ ಇರುತ್ತದೆ, ಶರ್ಟ್ ಬದಲಾಗಲ್ಲ.

ಹಳೇ ಮ್ಯಾಟ್

ಲೋಗೋ ವಿಷಯ ಒಪ್ಪಿದೆ. ಆದರೆ ಮಧ್ಯದಿಂದ ಅಳೆಯುವುದನ್ನು ಬಿಡಲ್ಲ, ಹೊಸಬರಿಗೆ ಅದೇ ಸುಲಭ.

ಇದನ್ನೆಲ್ಲ ಎಲ್ಲಿ ಪರೀಕ್ಷೆ ಮಾಡುತ್ತೀರಿ ಅನ್ನುವುದೂ ಮುಖ್ಯ. ಮ್ಯಾಟ್ ಮೇಲೆ 7 ಐರನ್ ಹೊಡೆದು 'ಬಾಲ್ ಇಲ್ಲೇ ಸರಿ' ಅಂತ ತೀರ್ಮಾನ ಮಾಡಬೇಡಿ. ಮ್ಯಾಟ್ ಮೇಲೆ ಎರಡು ಇಂಚು ಹಿಂದೆ ಬಿದ್ದರೂ ಕ್ಲಬ್ ಜಾರಿಕೊಂಡು ಬಂದು ಬಾಲ್‌ಗೆ ತಗುಲುತ್ತದೆ. ಶಬ್ದವೂ ಚೆನ್ನಾಗಿರುತ್ತದೆ, ಬಾಲ್ ಕೂಡ ಹಾರುತ್ತದೆ. ಅದೇ ಹೊಡೆತ ಜುಲೈನ ಒದ್ದೆ ಫೇರ್‌ವೇಯಲ್ಲಿ ಹೊಡೆಯಿರಿ, ಕೆಸರು ಮುಖಕ್ಕೆ, ಬಾಲ್ ಮೂವತ್ತು ಗಜ.

ಹುಲ್ಲಿನ ಮೇಲೆ ಅಭ್ಯಾಸಕ್ಕೆ ಬಿಡುವ ಕಡೆ ಹೋಗಿ. ನೆಲದಲ್ಲಿ ಸುಣ್ಣದ್ದೋ ಬಣ್ಣದ್ದೋ ಒಂದು ಗೆರೆ ಎಳೆಯಿರಿ. ಅಲ್ಲಿನವರನ್ನು ಕೇಳಿಯೇ ಎಳೆಯಿರಿ. ಬಾಲ್ ಇಡಬೇಡಿ. ಗೆರೆಯೇ ಬಾಲ್ ಅಂದುಕೊಂಡು ಸ್ವಿಂಗ್ ಮಾಡಿ. ಡಿವಟ್ (ಕ್ಲಬ್ ಕಿತ್ತ ಹುಲ್ಲುಮಣ್ಣಿನ ಗುರುತು) ಗೆರೆಯಿಂದ ಶುರುವಾಗಿ ಗುರಿಯ ಕಡೆಗೆ ಹೋಗಬೇಕು. ಒಳ್ಳೆಯ ಆಟಗಾರರ ಐರನ್ ಸ್ವಿಂಗ್‌ನಲ್ಲಿ ಅತಿ ತಗ್ಗಿನ ಬಿಂದು ಬಾಲ್‌ನಿಂದ ಮೂರು ನಾಲ್ಕು ಇಂಚು ಮುಂದಿರುತ್ತದೆ. ನಿಮ್ಮ ಡಿವಟ್ ಗೆರೆಗಿಂತ ಹಿಂದೆ ಶುರುವಾದರೆ ಬಾಲ್ ಹಿಂದೆ ಸರಿಸಬೇಕು, ಇಲ್ಲ ನೀವು ಮುಂದೆ ಸರಿಯಬೇಕು. ಎರಡನೆಯದು ಕಷ್ಟ, ಆದರೆ ಅದೇ ಸರಿಯಾದ ಔಷಧಿ.

ಹುಲ್ಲು ಸಿಗದಿದ್ದರೆ ಮ್ಯಾಟ್ ಮೇಲೆ ಬಾಲ್‌ನಿಂದ ನಾಲ್ಕು ಇಂಚು ಹಿಂದೆ ಟವೆಲ್ ಮಡಚಿಡಿ. ಟವೆಲ್‌ಗೆ ತಗುಲಿದರೆ ಫ್ಯಾಟ್, ಅಂದರೆ ಬಾಲ್‌ಗಿಂತ ಮುಂಚೆ ನೆಲಕ್ಕೆ ಹೊಡೆದಿರಿ. ಸುಳ್ಳು ಹೇಳಲ್ಲ ಅದು.

ಫೈಫ್ ಕನ್ನಡಿಗ

ಸ್ಕಾಟ್‌ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಸಮುದ್ರದ ಪಕ್ಕದ ಲಿಂಕ್ಸ್ ಕೋರ್ಸ್‌ಗಳಲ್ಲಿ ನೆಲ ಗಟ್ಟಿ, ಗಾಳಿ ಜಾಸ್ತಿ. ಬೆಂಗಳೂರಿನ ಮೆತ್ತನೆ ಹುಲ್ಲಿನಲ್ಲಿ ಸ್ವಲ್ಪ ಹಿಂದೆ ಬಿದ್ದರೂ ನಡೆಯುತ್ತಿದ್ದದ್ದು ಇಲ್ಲಿ ನಡೆಯಲ್ಲ. ಕ್ಲಬ್ ನೆಲಕ್ಕೆ ಬಡಿದು ಪುಟಿಯುತ್ತದೆ, ಬಾಲ್‌ನ ನಡುವಿಗೆ ತಗುಲುತ್ತದೆ.

ಗಾಳಿಗೆ ಎದುರು ಆಡುವಾಗ ಬಾಲ್ ಹಿಂದೆ ಇಡಿ ಅಂತ ಹೇಳುತ್ತಾರಲ್ಲ, ಅದಕ್ಕೊಂದು ಮಿತಿ ಇದೆ. ಇಲ್ಲಿನವರು ಹೆಚ್ಚೆಂದರೆ ಒಂದು ಬಾಲ್‌ನಷ್ಟು ಹಿಂದಕ್ಕೆ ಇಡುತ್ತಾರೆ. ಉಳಿದಿದ್ದನ್ನು ಕ್ಲಬ್ ಬದಲಿಸಿ ಮಾಡುತ್ತಾರೆ. 8 ಐರನ್ ದೂರಕ್ಕೆ 6 ಐರನ್, ಅರ್ಧ ಸ್ವಿಂಗ್, ಮೆಲ್ಲಗೆ. ಬಲಗಾಲಿನವರೆಗೂ ಬಾಲ್ ತಳ್ಳಿ ಜೋರಾಗಿ ಹೊಡೆದರೆ ಕಡಿದಾಗಿ ಇಳಿಯುತ್ತದೆ, ಸ್ಪಿನ್ ಜಾಸ್ತಿಯಾಗಿ ಬಾಲ್ ಗಾಳಿಯಲ್ಲಿ ಮೇಲೆದ್ದುಬಿಡುತ್ತದೆ. ಇಂಜಿನಿಯರ್ ಅವರ ಲೆಕ್ಕದಂತೆ ಬಲಕ್ಕೂ ಹೋಗುತ್ತದೆ.

ಹೊಸ ಸೆಟ್ಟು

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಗ್ರೀನ್ (ಗುಳಿ ಇರುವ ನುಣುಪು ಹುಲ್ಲು) ಪಕ್ಕದ ಚಿಪ್‌ಗೆ (ಪುಟ್ಟ ಹೊಡೆತಕ್ಕೆ) ಬಾಲ್ ಬಲಗಾಲಿನ ಹತ್ತಿರ, ಕೈ ಮುಂದೆ ಅಂತ ಹೇಳಿಕೊಟ್ಟಿದ್ದಾರೆ. ಅದೂ ತಪ್ಪಾ? ಇಳಿಜಾರಿನಲ್ಲಿ ಏನು ಮಾಡುವುದು?

ಚಾಮುಂಡಿ ತಪ್ಪಲು

ತಪ್ಪು ಅಂತಲ್ಲಮ್ಮಾ ಅಥವಾ ತಮ್ಮಾ, ಯಾರೋ ಗೊತ್ತಾಗಲಿಲ್ಲ. ಬಾಲ್ ಬಲಗಾಲಿಗೆ ಇಟ್ಟು ಕೈ ಮುಂದೆ ತಳ್ಳಿದರೆ ವೆಡ್ಜ್‌ನ ಚೂಪು ಅಂಚು ನೆಲಕ್ಕೆ ಇಳಿಯುತ್ತದೆ. ಅಡಿಭಾಗದಲ್ಲಿ ದುಂಡಗೆ ಬೌನ್ಸ್ ಇರುವುದೇ ನೆಲದಲ್ಲಿ ಸಿಕ್ಕಿಹಾಕಿಕೊಳ್ಳದೆ ಜಾರಲಿ ಅಂತ. ಅದನ್ನು ನೀವೇ ಎತ್ತಿಬಿಟ್ಟ ಹಾಗೆ. ಕೂದಲೆಳೆ ಹಿಂದೆ ಬಿದ್ದರೂ ಕ್ಲಬ್ ಹೂತುಹೋಗುತ್ತದೆ, ಬಾಲ್ ಎರಡು ಅಡಿ. ಪಾದ ಹತ್ತಿರ ಹತ್ತಿರ ಇಟ್ಟು, ಬಾಲ್ ಮಧ್ಯದಲ್ಲಿಟ್ಟು, ತೂಕ ಸ್ವಲ್ಪ ಎಡಕ್ಕೆ ಹಾಕಿ ನೋಡಿ. ಬಾಲ್ ಹುಲ್ಲಿನ ಗುಳಿಯಲ್ಲಿ ಕೂತಿದ್ದರೆ ಮಾತ್ರ ಹಿಂದೆ.

ಬಂಕರ್‌ನಲ್ಲಿ ಉಲ್ಟಾ. ಅಲ್ಲಿ ಬಾಲ್‌ಗೆ ಹೊಡೆಯುವುದಿಲ್ಲ, ಬಾಲ್‌ನಿಂದ ಎರಡು ಇಂಚು ಹಿಂದಿನ ಮರಳಿಗೆ ಹೊಡೆಯುತ್ತೇವೆ. ಅದಕ್ಕೆ ಬಾಲ್ ಎಡ ಹಿಮ್ಮಡಿಗೆ. ಪಟ್ಟಿಂಗ್‌ಗೆ ಮಧ್ಯಕ್ಕಿಂತ ಸ್ವಲ್ಪ ಮುಂದೆ.

ಮಡಿಕೇರಿ, ಊಟಿ ಕಡೆ ಆಡಿದವರಿಗೆ ಇಳಿಜಾರು ಗೊತ್ತಿರುತ್ತದೆ. ನೆನಪಿಟ್ಟುಕೊಳ್ಳಲು ಸುಲಭ: ಯಾವ ಕಾಲು ಎತ್ತರದಲ್ಲಿದೆಯೋ ಆ ಕಡೆಗೆ ಬಾಲ್. ಏರಿನಲ್ಲಿ ಎಡಗಾಲು ಎತ್ತರ, ಬಾಲ್ ಸ್ವಲ್ಪ ಮುಂದೆ. ಇಳಿಜಾರಿನಲ್ಲಿ ಬಲಗಾಲು ಎತ್ತರ, ಬಾಲ್ ಸ್ವಲ್ಪ ಹಿಂದೆ. ಭುಜವನ್ನು ನೆಲದ ವಾಲಿಗೆ ತಕ್ಕಂತೆ ಇಟ್ಟುಕೊಳ್ಳಿ.

ಮೂರನೇ ಕಪ್ ಕಾಫಿ

ಡ್ರೈವರ್ ಅಂದ ಕೂಡಲೇ ಮೇಲ್ಮುಖ ಮೇಲ್ಮುಖ ಅಂತ ಎಲ್ಲರೂ ಹೇಳುತ್ತಾರೆ. ಟ್ರ್ಯಾಕ್‌ಮ್ಯಾನ್ (ಹೊಡೆತ ಅಳೆಯುವ ರಾಡಾರ್) ಅಂಕಿ ನೋಡಿದ್ದೀರಾ? ಪಿಜಿಎ ಟೂರ್‌ನ ಗಂಡಸರು ಡ್ರೈವರ್‌ನಲ್ಲಿ ಸರಾಸರಿ ಸುಮಾರು 1 ಡಿಗ್ರಿ ಕೆಳಮುಖವಾಗಿಯೇ ಹೊಡೆಯುತ್ತಾರೆ. ಎಲ್‌ಪಿಜಿಎಯ ಹೆಂಗಸರು ಸುಮಾರು 3 ಡಿಗ್ರಿ ಮೇಲ್ಮುಖವಾಗಿ. ಗಂಡಸರ ಕ್ಲಬ್ ವೇಗ ಗಂಟೆಗೆ 110 ಮೈಲಿಗಿಂತ ಜಾಸ್ತಿ, ಅವರಿಗೆ ದೂರದ ಚಿಂತೆ ಅಷ್ಟಿಲ್ಲ, ಹಿಡಿತ ಬೇಕು. ಹೆಂಗಸರದ್ದು 95ರ ಆಸುಪಾಸು. ಆ ವೇಗದಲ್ಲಿ ಮೇಲ್ಮುಖವಾಗಿ ಹೊಡೆದರೆ ದೂರ ಸಿಗುತ್ತದೆ. ನಮ್ಮಂಥ ವಾರಾಂತ್ಯದವರ ವೇಗ ಇನ್ನೂ ಕಡಿಮೆ. ನಾವು ಟಿವಿಯಲ್ಲಿ ನೋಡಿ ಕಲಿಯಬೇಕಾದ್ದು ಎಲ್‌ಪಿಜಿಎಯನ್ನು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. ದೂರ ಹೊಡೆಯುವವರಲ್ಲ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಕಂಚು ಒಂದೇ ಸ್ಟ್ರೋಕ್‌ನಲ್ಲಿ ತಪ್ಪಿತು. ಬೇರೆಯವರು ಚಿಕ್ಕ ಐರನ್ ಹಿಡಿಯುವ ಕಡೆ ಅವರು ಫೇರ್‌ವೇ ವುಡ್, ಹೈಬ್ರಿಡ್‌ನಂಥ ದೂರದ ಕ್ಲಬ್ ಹಿಡಿಯಬೇಕಾಗುತ್ತದೆ. ಬಾಲ್ ಇಡುವ ಜಾಗದಲ್ಲಿ ನಮ್ಮಲ್ಲಿ ತುಂಬಾ ಜನ ಎಡವುವುದೂ ಆ ಕ್ಲಬ್‌ಗಳಲ್ಲೇ. ಹೈಬ್ರಿಡ್ ನೋಡಲು ಪುಟ್ಟ ಡ್ರೈವರ್ ಥರ ಇದೆ ಅಂತ ಎಡ ಹಿಮ್ಮಡಿಗೆ ಇಡುತ್ತಾರೆ. ಟೀ ಇಲ್ಲದೆ ನೆಲದಿಂದ ಹೊಡೆಯುವಾಗ ಅದು ಐರನ್ನೇ. ಹಿಮ್ಮಡಿಯಿಂದ ಎರಡು ಮೂರು ಇಂಚು ಒಳಗಿಡಿ, ಸ್ವಲ್ಪ ಕೆಳಮುಖವಾಗಿಯೇ ಹೊಡೆಯಿರಿ.

ವಾರಾಂತ್ಯದ ಗಾಲ್ಫರ್

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ರೇಂಜ್‌ಗೆ (ಅಭ್ಯಾಸದ ಮೈದಾನಕ್ಕೆ) ಹೋಗಿ ಫೋಟೋ ತೆಗೆಸಿದೆ. ಬೆಳಗಿನ ಟೀ ಮೇಡಂ ಹೇಳಿದ ಹಾಗೇ ಭುಜ ಪೂರ್ತಿ ಎಡಕ್ಕೆ. ಡ್ರೈವರ್‌ಗೆ ಬಾಲ್ ಹಿಮ್ಮಡಿಗಿಂತ ಒಂದೂವರೆ ಇಂಚು ಒಳಗಿಟ್ಟೆ, ಬಲಭುಜ ಸ್ವಲ್ಪ ಕೆಳಗೆ, ಹಿಂದೆ. ಸ್ಲೈಸ್ ಹೋಗಿಲ್ಲ, ಅರ್ಧ ಆಗಿದೆ. ಉಳಿದರ್ಧ ಗ್ರಿಪ್‌ನದ್ದು ಅಂತ ಕೋಚ್ ಹೇಳಿದರು, ಅದು ಬೇರೆ ಚರ್ಚೆ. 7 ಐರನ್ ಟವೆಲ್ ಪರೀಕ್ಷೆಯಲ್ಲಿ ಟವೆಲ್ಲೇ ಜಾಸ್ತಿ ದೂರ ಹೋಯಿತು.

ಒಂದು ಅನುಮಾನ. ರೇಂಜ್‌ನಲ್ಲಿ ಸ್ಟಿಕ್ ಇಟ್ಟುಕೊಂಡು ಜಾಗ ನೋಡುತ್ತೇನೆ. ರೌಂಡ್ ಆಡುವಾಗ ಕ್ಲಬ್ ಒಂದನ್ನು ನೆಲದ ಮೇಲಿಟ್ಟು ಕಾಲು ಸರಿ ಮಾಡಿಕೊಂಡು, ಹೊಡೆಯುವ ಮುಂಚೆ ತೆಗೆದುಬಿಟ್ಟರೆ ಪರವಾಗಿಲ್ಲ ಅಲ್ವಾ? ನಮ್ಮ ಗುಂಪಿನಲ್ಲಿ ಕೆಲವರು ಮಾಡುತ್ತಾರೆ.

ಇಂಜಿನಿಯರ್ ಬುದ್ಧಿ

ಬೇಡ! ನಿಯಮ 10.2ಬಿ ನೋಡಿ. ಕಾಲು, ದೇಹ ಸರಿಹೊಂದಿಸಿಕೊಳ್ಳಲು ನೆಲದ ಮೇಲೆ ಕ್ಲಬ್ ಇಟ್ಟು ಸ್ಟಾನ್ಸ್ ತೆಗೆದುಕೊಂಡರೆ ಅಲ್ಲಿಗೇ ಪೆನಾಲ್ಟಿ ಬಿತ್ತು. ಆಮೇಲೆ ಹಿಂದೆ ಸರಿದು ಕ್ಲಬ್ ತೆಗೆದರೂ ತಪ್ಪುವುದಿಲ್ಲ. ಸ್ಟ್ರೋಕ್ ಪ್ಲೇಯಲ್ಲಿ ಎರಡು ಸ್ಟ್ರೋಕ್, ಮ್ಯಾಚ್ ಪ್ಲೇಯಲ್ಲಿ ಆ ಹೋಲ್ ಹೋಯಿತು. 2019ರ ಮುಂಚೆ ತೆಗೆದುಬಿಟ್ಟರೆ ನಡೆಯುತ್ತಿತ್ತು, ನಿಮ್ಮ ಗುಂಪಿನವರು ಅದೇ ನೆನಪಿನಲ್ಲಿರಬೇಕು.

ಎಡಗೈ ಅಣ್ಣ

ಬಾಲ್ ಪಕ್ಕದಲ್ಲಿ ಒಂದು ಪ್ರಾಕ್ಟೀಸ್ ಸ್ವಿಂಗ್ ಮಾಡಿ, ಹುಲ್ಲು ಎಲ್ಲಿ ಸವರಿತು ಅಂತ ನೋಡಿ. ಅದಕ್ಕೆ ಯಾವ ಪೆನಾಲ್ಟಿಯೂ ಇಲ್ಲ. ಅದಕ್ಕೆ ತಕ್ಕ ಹಾಗೆ ನಿಂತು ಬೇಗ ಹೊಡೆಯಿರಿ ಸ್ವಾಮಿ, ಹಿಂದೆ ಇನ್ನೊಂದು ಗುಂಪು ಕಾಯುತ್ತಿದೆ.